ಕುರೊಹಾಮದ ಇಸಾಬುರೊ ತಂದ ಮದ್ದು

ಬಹಳ ಕಾಲದ ಹಿಂದೆ, ಜಪಾನಿನ ಈ ಕಡಲಂಚಿನಲ್ಲಿ, ನಮ್ಮ ಈ ಕುರೊಹಾಮದಲ್ಲೇ ಇಸಾಬುರೊ ಅಂತ ಒಬ್ಬ ಬೆಸ್ತನಿದ್ದನಂತೆ. ಇದು ನನ್ನ ಅಜ್ಜಿ ಹೇಳಿದ್ದು, ಅವಳಿಗೆ ಅವಳ ಅಜ್ಜಿ ಹೇಳಿದ್ದು. ಆಗಿನ ಜನ ಕಡಲಿಗೆ ಹೆದರುತ್ತಿದ್ದರು, ಕಡಲಾಚೆಯಿಂದ ಬರುವುದಕ್ಕೆ ಇನ್ನೂ ಹೆದರುತ್ತಿದ್ದರಂತೆ. ದೇಶ ಬಿಟ್ಟು ಹೋದವನು ತಿರುಗಿ ಬಂದರೆ ತಲೆ ಹೋಗುತ್ತದೆ ಅಂತ ಆಳುವವರ ಕಟ್ಟಳೆಯಿತ್ತಂತೆ.

ಇಸಾಬುರೊ ತಾನಾಗಿ ಹೋದವನಲ್ಲ. ಬಿರುಗಾಳಿ ಅವನ ದೋಣಿಯನ್ನು ಎಳೆದುಕೊಂಡು ಹೋಯಿತು, ಪರದೇಶದ ಹಡಗೊಂದು ಅವನನ್ನು ಎತ್ತಿಕೊಂಡಿತು. ದೂರದ ಬಂದರಿನಲ್ಲಿ ಒಬ್ಬ ವೈದ್ಯನ ಮನೆಯಲ್ಲಿ ವರ್ಷಗಟ್ಟಲೆ ಆಳಾಗಿದ್ದನಂತೆ. ಆ ವೈದ್ಯ ಹಸುವಿನ ಕೆಚ್ಚಲಿನ ಗುಳ್ಳೆಯ ಕೀವನ್ನು ಮಕ್ಕಳ ತೋಳು ಗೀರಿ ಹಾಕುತ್ತಿದ್ದ. ಆಮೇಲೆ ಊರಿಗೆಲ್ಲ ಸಿಡುಬು ಬಂದರೂ ಆ ಮಕ್ಕಳ ಹತ್ತಿರ ಸುಳಿಯುತ್ತಿರಲಿಲ್ಲ. ಇಸಾಬುರೊ ನೋಡಿದ, ನಡುಗಿದ, ಮತ್ತೆ ನೋಡಿದ.

ಕಡೆಗೆ ಒಂದು ಹಡಗು ಹತ್ತಿ ತಿರುಗಿ ಬರುವಾಗ ಆ ಗುಳ್ಳೆಯ ಒಣ ಹಕ್ಕಳೆಯನ್ನು ಬಟಾಣಿಯಷ್ಟು ಗಾಜಿನ ಗುಂಡಿನೊಳಗೆ ಮುಚ್ಚಿ ತಂದನಂತೆ. ನಮ್ಮ ದೇಶದ ಬಂದರಿನಲ್ಲಿ ಅಧಿಕಾರಿಗಳು ಹಿಡಿದು, ಬಟ್ಟೆ ಬಿಚ್ಚಿಸಿ ಹುಡುಕಿದರು. ಗಾಜು ಅವನ ನಾಲಿಗೆಯಡಿ ಇತ್ತು. ಎಷ್ಟು ಹೊಡೆದರೂ ತುಟಿ ಬಿಚ್ಚಲಿಲ್ಲವಂತೆ. ಇವನಿಗೆ ಮಾತೇ ಮರೆತುಹೋಗಿದೆ, ಮೇಲಿನವರ ಅಪ್ಪಣೆ ಬರುವವರೆಗೆ ಊರಲ್ಲಿ ಬಿದ್ದಿರಲಿ ಅಂತ ಬಿಟ್ಟರಂತೆ.

ಊರಿಗೆ ಬಂದರೆ ಬಾಗಿಲು ಬಾಗಿಲಿಗೂ ಕೆಂಪು ಬಟ್ಟೆ. ಸಿಡುಬಿನ ದೇವರನ್ನು ಶಾಂತಮಾಡಲು ಕಟ್ಟುವ ಬಟ್ಟೆ. ಮಕ್ಕಳ ಸದ್ದೇ ಇಲ್ಲ. ಅವನ ಅಕ್ಕ, ಗಂಡ ಸತ್ತ ತೊಮೆ, ಇದ್ದೊಬ್ಬ ಮಗಳು ಫುಮಿಯನ್ನು ಒಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು.

"ಅಕ್ಕಾ, ಮಗೂನ ತೋಳು ಕೊಡು," ಅಂದ. ಮದ್ದಿನ ವಿಷಯ ಎಲ್ಲ ಹೇಳಿದ.

"ಇದನ್ನ ನೀನು ಯಾವತ್ತಾದರೂ ಮಾಡಿದ್ದೀಯಾ?"

"ಇಲ್ಲ. ನೋಡಿದ್ದೀನಿ, ಅಷ್ಟೇ."

"ಸತ್ತರೆ?"

ಅವನು ಗಾಜಿನ ಗುಂಡನ್ನು ಅವಳ ಮುಂದಿಟ್ಟನಂತೆ. ತೊಮೆ ಮಗಳ ತೋಳನ್ನು ತಾನೇ ಹಿಡಿದಳಂತೆ, ಅವನು ಗೀರಿ ಮದ್ದು ಹಾಕಿದನಂತೆ.

ಸುದ್ದಿ ಹಬ್ಬಿತು. ಬಂದಿರುವುದು ಇಸಾಬುರೊನ ಚರ್ಮ ಹೊದ್ದ ಕಡಲ ಪಿಶಾಚಿ ಅಂದರು. ಮಗುವಿಗೆ ಕೊಂಬು ಮೂಡುತ್ತದೆ ಅಂದರು. ಗಂಡಸರು ಬಿದಿರಿನ ಈಟಿ ಹಿಡಿದು ಮನೆ ಸುತ್ತ ನಿಂತರು. ಒಳಗೆ ಫುಮಿಯ ಮೈ ಕೆಂಡವಾಯಿತು. ಬಾಯಿಯ ಕಾವಿಗೆ ಮದ್ದು ಕೆಟ್ಟಿತೋ, ಮದ್ದೇ ವಿಷವಾಯಿತೋ ಅಂತ ಇಸಾಬುರೊಗೂ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಅವಳ ಹಣೆಗೆ ಹಾಕುತ್ತಾ ಕೂತಿದ್ದನಂತೆ.

ಕಡೆಗೆ ಜ್ವರ ಇಳಿಯಿತು. ತೋಳಿನ ಮೇಲೆ ಒಂದೇ ಒಂದು ಗುಳ್ಳೆ ತುಂಬಿ ನಿಂತಿತು. ಆದರೆ ಅದು ಒಣಗುವ ಮೊದಲು ಅದರ ಕೀವನ್ನು ಇನ್ನೊಂದು ಮಗುವಿಗೆ ದಾಟಿಸಬೇಕು, ಇಲ್ಲದಿದ್ದರೆ ಊರಿಗೆ ಮದ್ದೇ ಉಳಿಯುವುದಿಲ್ಲ. ಇಸಾಬುರೊ ಹೊಸ್ತಿಲಲ್ಲಿ ನಿಂತು ಬೇಡಿದ. ಈಟಿ ಹಿಡಿದವರು ಒಂದು ಹೆಜ್ಜೆ ಮುಂದೆ ಬಂದರು.

ಆಗ ಊರ ಮುಖಂಡನ ಸೊಸೆ ಮಿನೆ, ಕೂಸನ್ನು ಎದೆಗವಚಿಕೊಂಡು ಆ ಈಟಿಗಳ ನಡುವೆಯೇ ನಡೆದು ಬಂದಳಂತೆ.

"ಅದಕ್ಕೆ ಕೊಂಬು ಬರುತ್ತೆ ಕಣಮ್ಮಾ!" ಅಂತ ಮಾವ ಕೂಗಿದ.

"ಬರಲಿ ಮಾವ," ಅಂದಳಂತೆ. "ಇದರ ಅಣ್ಣಂದಿರನ್ನ ಮಣ್ಣಿಗೆ ಕೊಟ್ಟಾಯಿತು. ಕೊಂಬಿನ ಮಗುವನ್ನೇ ಸಾಕ್ತೀನಿ."

ಯಾರೂ ತಡೆಯಲಿಲ್ಲವಂತೆ. ಆ ಕೂಸಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಮದ್ದು ದಾಟಿತು. ಆ ಚಳಿಗಾಲ ಸಿಡುಬು ಸುತ್ತಲ ಊರುಗಳನ್ನು ಬರಿದು ಮಾಡಿತು, ತೋಳು ಗೀರಿಸಿಕೊಂಡ ಒಂದು ಮಗುವನ್ನೂ ಮುಟ್ಟಲಿಲ್ಲವಂತೆ.

ಹಿಮ ಕರಗುವ ಹೊತ್ತಿಗೆ ಮೇಲಿನವರ ಅಪ್ಪಣೆ ಬಂತು. ಇಸಾಬುರೊನ ಕೈ ಕಟ್ಟಿ ಗುಡ್ಡದ ದಾರಿಯಲ್ಲಿ ಕರೆದುಕೊಂಡು ಹೋದರು. ಸೆರೆಯಲ್ಲೇ ಸತ್ತ ಅನ್ನುವವರುಂಟು, ತಪ್ಪಿಸಿಕೊಂಡು ಊರೂರಲ್ಲಿ ಮಕ್ಕಳ ತೋಳು ಗೀರುತ್ತಾ ಅಲೆದ ಅನ್ನುವವರುಂಟು. ನಮ್ಮಲ್ಲಿ ಅವನ ಸಮಾಧಿಯಿಲ್ಲ.

ಅದಕ್ಕೇ ಇವತ್ತಿಗೂ ಈ ಊರಲ್ಲಿ ಕೂಸಿಗೆ ಮೊದಲ ಲಸಿಕೆ ಹಾಕಿಸಿದ ದಿನ ತಾಯಿ ಅದನ್ನೆತ್ತಿಕೊಂಡು ಇಸಾಬುರೊ ಹೋದ ಆ ಗುಡ್ಡದ ದಾರಿಯ ತಿರುವಿಗೆ ಹೋಗುತ್ತಾಳೆ. ಎಂಥ ಚಳಿಯಿದ್ದರೂ ಸರಿ, ಕೂಸಿನ ತೋಳು ಬಿಚ್ಚಿ ಆ ಖಾಲಿ ದಾರಿಗೆ ತೋರಿಸುತ್ತಾಳೆ. ಆಮೇಲೆ ತೋಳು ಮುಚ್ಚಿ ಮನೆಗೆ ಬರುತ್ತಾಳೆ.