ಎಲೆ ವ್ಯಾಪಾರಿಯ ಕೂಗು

"ಗುರುಗಳೇ, ಒಪ್ಪಿಕೊಂಡ ಅವಧಿಯನ್ನು ನಿಯತ್ತಿನಿಂದ ಮುಗಿಸಿ ಹೊರಟವನ ಮೇಲೆ ಉಳಿದವರು ಮುನಿಸಿಕೊಂಡರೆ, ತಪ್ಪು ಯಾರದು?"

ಕೇಳಿದವನು ಚನ್ನವೀರ. ಮಠದಲ್ಲಿ ಅವನ ಓದಿನ ಅವಧಿ ಮುಗಿದಿತ್ತು. ಬೇರೊಂದು ಊರಿನ ಮಠದವರು ಪಾಠ ಹೇಳಲು ಕರೆದಿದ್ದರು. ಅವನು ಒಪ್ಪಿಕೊಂಡಿದ್ದ. ಸಂಜೆಯ ಬಸ್ಸಿಗೆ ಹೊರಡಬೇಕು, ಗಂಟು ಕಟ್ಟಿ ಆಗಿತ್ತು. ಸುದ್ದಿ ತಿಳಿದಾಗಿನಿಂದ ಅಡುಗೆಯವರು ಅವನಿಗೆ ಮಾತಿಲ್ಲದೆ ಬಡಿಸುತ್ತಿದ್ದರು. ಜೊತೆಯಲ್ಲಿ ಓದಿದವರು ಅವನನ್ನು ಕಂಡೊಡನೆ ಪುಸ್ತಕ ಬಿಡಿಸಿಕೊಳ್ಳುತ್ತಿದ್ದರು. ಗುರುಗಳು ಮಾತ್ರ ಎಂದಿನಂತೆಯೇ ಇದ್ದರು. ಆ ಬೆಳಗ್ಗೆಯೂ ಕೋಣೆಯ ಮುಂದೆ ನಿಂತು, "ಚನ್ನವೀರಾ, ಏಳಪ್ಪಾ" ಎಂದು ಕೂಗಿ ಎಬ್ಬಿಸಿದ್ದರು. ಅವರು ಕೂಗದೆ ಅವನು ಒಂದು ದಿನವೂ ತಾನಾಗಿ ಎದ್ದವನಲ್ಲ.

ಪ್ರಶ್ನೆ ಕೇಳಿ ಗುರುಗಳು ನಕ್ಕರು. "ಕೂತುಕೋ. ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಕತೆ ಹೇಳಿದರು.

ಒಂದು ಊರು. ಆ ಊರಿಗೆ ಕಾಲ್ಚೆಂಡಾಟದ ಹುಚ್ಚು. ಅಂತಿಂಥ ಹುಚ್ಚಲ್ಲ. ಆಟದ ದಿನ ಹೆಣ್ಣು ನೋಡಲು ಬಂದವರನ್ನೂ ಉಪ್ಪಿಟ್ಟು ತಿನ್ನಿಸಿ ಮೈದಾನಕ್ಕೆ ಕರೆದೊಯ್ದು ಕೂರಿಸುತ್ತಿದ್ದರು. ಗಂಡಿಗೆ ಹೆಣ್ಣು ಒಪ್ಪಿಗೆಯೋ ಅಲ್ಲವೋ ಆಮೇಲಿನ ಮಾತು, ಆಟ ಒಪ್ಪಿಗೆಯಾಗಬೇಕು.

ಆ ಊರಲ್ಲಿ ಒಬ್ಬ ಎಲೆ ವ್ಯಾಪಾರಿ ಇದ್ದ. ವೀಳ್ಯದೆಲೆ ಮಾರುವವನು. ಬಾಯಲ್ಲಿ ಸದಾ ಎಲೆಯಡಿಕೆ, ಹಾಗಾಗಿ ಮಾತು ಕಡಿಮೆ. ಮೈದಾನದ ಪಕ್ಕದ ಮೋಟುಗೋಡೆಯ ಮೇಲೆ ಅವನ ಜಾಗ. ಅವನು ಬರದ ದಿನವೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಒಮ್ಮೆ ಊರ ತಂಡದವರು ಬೇರೆ ಕಡೆಯಿಂದ ಒಬ್ಬ ಆಟಗಾರನನ್ನು ಕರೆತಂದರು. ಮೂರು ವರ್ಷದ ಒಪ್ಪಂದ. ಒಪ್ಪಂದವಾದಾಗ ತಟ್ಟೆಯಲ್ಲಿ ವೀಳ್ಯ ಇಟ್ಟು ಕೊಡುವುದು ಅಲ್ಲಿಯ ಪದ್ಧತಿ. ಎಲೆ ಈ ವ್ಯಾಪಾರಿಯ ಅಂಗಡಿಯದೇ. ಆಟಗಾರ ವೀಳ್ಯ ಎತ್ತಿಕೊಂಡ, ಊರಿನವನಾದ.

ಚೆಂಡು ಕಾಲಿಗೆ ಸಿಕ್ಕಿತೆಂದರೆ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಒಂದು ಊನವಿತ್ತು. ಚೆಂಡು ಸಿಕ್ಕೊಡನೆ, ತನಗೆ ಎಡಗಡೆ ಎಂಬುದೊಂದಿದೆ ಎನ್ನುವುದನ್ನೇ ಮರೆಯುತ್ತಿದ್ದ. ಆ ಕಡೆಯಿಂದ ಬಂದವನು ಚೆಂಡನ್ನು ಸುಲಭವಾಗಿ ಕಸಿದುಕೊಂಡು ಹೋಗುತ್ತಿದ್ದ. ಮೊದಲ ಆಟದಲ್ಲೇ ವ್ಯಾಪಾರಿಗೆ ಅದು ಕಂಡಿತು. ಬಾಯಲ್ಲಿದ್ದುದನ್ನು ಉಗಿದು, "ಎಡಾ!" ಎಂದು ಕೂಗಿದ. ಆಟಗಾರ ತಿರುಗಿದ, ತಪ್ಪಿಸಿಕೊಂಡ, ಗೋಲು ಹೊಡೆದ.

ಅಂದಿನಿಂದ ಅದು ರೂಢಿಯಾಯಿತು. ಇವನು ಕೂಗುವುದು, ಅವನು ತಿರುಗುವುದು. ಊರೆಲ್ಲ ಅರಚುತ್ತಿದ್ದರೂ ಆ ಒಂದು ಕೂಗು ಅವನ ಕಿವಿಗೆ ಬೀಳುತ್ತಿತ್ತು. ಗೆದ್ದ ಸಂಜೆ ಆಟಗಾರ ಕೆಸರುಗಾಲಲ್ಲೇ ಅಂಗಡಿಗೆ ಬಂದು ಹಲಗೆಯ ಮೇಲೆ ಕೂರುತ್ತಿದ್ದ. ವ್ಯಾಪಾರಿ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದ. ಇಬ್ಬರೂ ಅಗಿಯುತ್ತ ಬೀದಿ ನೋಡುತ್ತಿದ್ದರು. ಆಟದ ಬಗ್ಗೆ ಒಂದು ಮಾತೂ ಇಲ್ಲ. ಅಂಥ ಸಂಜೆಗಳು ಮುಗಿಯುತ್ತವೆ ಎಂದು ಆಗ ಯಾರಿಗೆ ತಾನೇ ತೋಚುತ್ತದೆ?

ಒಪ್ಪಂದ ಮುಗಿಯಿತು. ಮತ್ತೆ ವೀಳ್ಯ ಹೋಯಿತು, ಆಟಗಾರ ಎತ್ತಿಕೊಂಡ. ಎರಡನೆಯ ಸಲ ಮುಗಿದಾಗ ವ್ಯಾಪಾರಿ ಕಟ್ಟು ಬಿಚ್ಚಿ ಎಳೆಯ ಎಲೆಗಳನ್ನೇ ಆರಿಸಿ, ನೀರು ಒರೆಸಿ, ತಟ್ಟೆಗೆ ತಾನೇ ಜೋಡಿಸಿದ. ತಟ್ಟೆ ಮುಟ್ಟದೆ ಹಿಂದಿರುಗಿತು. ದೊಡ್ಡ ಊರಿನ ತಂಡದವರು ಅವನನ್ನು ಕರೆದಿದ್ದರು.

ಆಟಗಾರ ಕದ್ದು ಓಡಲಿಲ್ಲ. ಕೊನೆಯ ದಿನದವರೆಗೂ ಬೆವರು ಸುರಿಸಿ ಆಡಿ, ಆಮೇಲೆ ಅಂಗಡಿಗೆ ಬಂದ.

"ವಾಯಿದೆ ಮುಗೀತಣ್ಣ. ಹೋಗಿ ಬರ್ತೀನಿ."

"ಹೋಗು. ಬರೋ ಮಾತು ಯಾಕೆ?" ಎಂದ ವ್ಯಾಪಾರಿ. ತಲೆ ಎತ್ತಲಿಲ್ಲ.

ಊರು ಬಿಟ್ಟು ಹೋಗುವವರ ಕೈಗೆ ಎರಡೆಲೆ, ಒಂದು ಅಡಿಕೆ ಕೊಟ್ಟು ಕಳಿಸಬೇಕು. ಅಂಗಡಿ ತುಂಬ ಎಲೆಯಿತ್ತು. ಅವನು ಕೊಡಲಿಲ್ಲ. ಆಟಗಾರ ಬರಿಗೈಯಲ್ಲೇ ಹೋದ.

ಮುಂದಿನ ವರ್ಷ ಆ ಜಾಗಕ್ಕೆ ಹೊಸಬ ಬಂದ. ಒಳ್ಳೆಯ ಹುಡುಗ. ಎಡವನ್ನೂ ನೋಡುತ್ತಿದ್ದ, ಬಲವನ್ನೂ ನೋಡುತ್ತಿದ್ದ. ವ್ಯಾಪಾರಿಗೆ ಕೂಗಲು ಕೆಲಸವೇ ಇರಲಿಲ್ಲ. ಗೋಡೆಯ ಮೇಲೆ ಕೂತು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಸುತ್ತ ಕೂತವರು ಕಣ್ಣೆದುರಿನ ಆಟ ಬಿಟ್ಟು ಹಳೆಯ ಆಟಗಾರನ ಮಾತಾಡುತ್ತಿದ್ದರು. ಮಳೆಯಲ್ಲಿ ಅವನು ಜಾರಿ ಬಿದ್ದೇ ಗೋಲು ಹೊಡೆದದ್ದು, ಒಮ್ಮೆ ಬೂಟು ಹರಿದು ಬರಿಗಾಲಲ್ಲಿ ಆಡಿದ್ದು. ಹೇಳುತ್ತ ಹೇಳುತ್ತ ಕಣ್ಣು ಒದ್ದೆಯಾದಾಗ ಬೈಯಲು ಶುರುಮಾಡುತ್ತಿದ್ದರು. ಉಂಡ ಮನೆಗೆ ಎರಡು ಬಗೆದ ಎನ್ನುತ್ತಿದ್ದರು. ವ್ಯಾಪಾರಿಯೂ ತಲೆಯಾಡಿಸುತ್ತಿದ್ದ.

ಹೀಗಿರುವಾಗ ದೊಡ್ಡ ಊರಿನ ತಂಡದೊಡನೆಯೇ, ಗೆದ್ದವರಿಗೆ ಕಪ್ಪು ಸಿಗುವ ಆಟ ಬಂತು, ಅದೂ ಇದೇ ಮೈದಾನದಲ್ಲಿ. ವ್ಯಾಪಾರಿಯೇ ತಂಡದ ಹುಡುಗರನ್ನು ಅಂಗಡಿಗೆ ಕರೆದ. "ಅವನ ಎಡಕ್ಕೆ ಹೋಗ್ರಿ. ಚೆಂಡು ನಿಮ್ಮದೇ" ಎಂದ. ಹೇಳಿದ ಮೇಲೆ ಎದೆ ಹಗುರಾಯಿತು ಅಂದುಕೊಂಡ. ಹಗುರಾಗಿರಲಿಲ್ಲ. ಊಟ ಸೇರಲಿಲ್ಲ.

ಆಟದ ದಿನ ಅವನು ಒಂದು ಎಚ್ಚರಿಕೆ ವಹಿಸಿದ. ಯಾವತ್ತಿಗಿಂತ ಎರಡರಷ್ಟು ಎಲೆ ಮಡಿಚಿ ಎರಡೂ ದವಡೆಗೆ ತುಂಬಿಕೊಂಡ. ತುಂಬಿದ ಬಾಯಿ ಕೂಗುವುದಿಲ್ಲ ಎಂದು ಅವನ ಲೆಕ್ಕ. ತನ್ನ ಬಾಯಿಯ ಮೇಲೆ ತನಗೇ ನಂಬಿಕೆಯಿರಲಿಲ್ಲ.

ಹುಡುಗರು ಹೇಳಿದಂತೆಯೇ ಆಡಿದರು. ಆಟಗಾರನಿಗೆ ಚೆಂಡು ಸಿಕ್ಕಾಗಲೆಲ್ಲ ಎಡದಿಂದ ನುಗ್ಗಿ ಕಸಿದರು. ಅವನು ಚೆಂಡು ಕಳೆದುಕೊಂಡು ನಿಂತು ಸುತ್ತ ನೋಡುವುದು, ಜನ ಹೋ ಎನ್ನುವುದು. ಗೋಡೆಯ ಮೇಲೆ ವ್ಯಾಪಾರಿ ಅಗಿಯದೆ, ನುಂಗದೆ ಕೂತಿದ್ದ. ಎರಡೂ ಕಡೆ ಸಮಸಮ ಗೋಲಾಗಿ ಆಟ ಮುಗಿಯುವ ಹೊತ್ತಾಯಿತು. ಚೆಂಡು ಮತ್ತೆ ಆಟಗಾರನ ಕಾಲಿಗೆ ಬಂತು. ಎಡದಿಂದ ಊರ ಹುಡುಗ ಓಡಿ ಬಂದ.

ಎಲೆಯಡಿಕೆ ಅಷ್ಟೂ ಮುಂದೆ ಕೂತವನ ಅಂಗಿಯ ಮೇಲೆ ಹಾರಿತು.

"ಎಡಾ!"

ಆಟಗಾರ ತಿರುಗಿದ. ತಪ್ಪಿಸಿಕೊಂಡ. ಗೋಲು ಹೊಡೆದ. ಕಪ್ಪು ದೊಡ್ಡ ಊರಿನ ಪಾಲಾಯಿತು.

ಜನ ಗೋಡೆಯ ಸುತ್ತ ಮುತ್ತಿದರು. "ನೀನು ಯಾರ ಕಡೆಯವನಯ್ಯಾ?" ಎಂದು ಒಬ್ಬ ಅವನ ಹೆಗಲ ವಸ್ತ್ರ ಹಿಡಿದೆಳೆದ.

"ನಾನು ಊರ ಕಡೆಯವನೇ ಕಣ್ರಪ್ಪಾ" ಎಂದ ವ್ಯಾಪಾರಿ. "ಹಾಳು ಕೂಗು ಹಳೇ ದಾರೀಲೇ ಹೋಯ್ತು."

ಯಾರೂ ನಂಬಲಿಲ್ಲ. ನಾಳೆಯಿಂದ ನಿನ್ನ ಅಂಗಡಿಯ ಎಲೆ ಬೇಡ ಎಂದರು. ಅಷ್ಟರಲ್ಲಿ ಆಟಗಾರ ತನ್ನನ್ನು ಎತ್ತಿಕೊಂಡಿದ್ದವರ ಹೆಗಲಿಂದ ಜಾರಿ ಇಳಿದು ಗೋಡೆಯ ಹತ್ತಿರ ಬಂದ. ಗೆದ್ದವನ ಮುಖವಾಗಿರಲಿಲ್ಲ ಅದು. ಜನ ದಾರಿ ಬಿಟ್ಟರು.

"ಆ ಊರಲ್ಲಿ ಎಡಕ್ಕೆ ನಾನೇ ನೋಡ್ಕೋತೀನಣ್ಣ. ಅಭ್ಯಾಸ ಆಗಿದೆ" ಎಂದ. "ಇಲ್ಲಿಗೆ ಬಂದ ಮೇಲೆ ಮರೆತೇಬಿಟ್ಟೆ. ನೀನಿದ್ದೀಯಲ್ಲ ಅಂತ."

ಹೆಗಲ ವಸ್ತ್ರ ಹಿಡಿದಿದ್ದವನು ಕೈ ಬಿಟ್ಟ. ವ್ಯಾಪಾರಿ ಸೊಂಟದ ಸಂಚಿ ಬಿಚ್ಚಿದ. ಎರಡೆಲೆ ತೆಗೆದ, ಒಂದು ಅಡಿಕೆ ಇಟ್ಟ. "ಅವತ್ತೇ ಕೊಡಬೇಕಾಗಿತ್ತು. ತಗೋ. ಹೋಗಿ ಬಾ" ಎಂದ. ಆಟಗಾರ ಎರಡೂ ಕೈಯೊಡ್ಡಿ ತೆಗೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಬೇಕಾಗಿದ್ದುದು ತೀರ್ಪು. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ತಪ್ಪು ಯಾರದು? ಹೋದವನದೋ, ಮುನಿಸಿಕೊಂಡ ಊರಿನದೋ, ಕೂಗಿದವನದೋ?"

ಗುರುಗಳು ಅವನ ಗಂಟನ್ನು ತಾವೇ ಎತ್ತಿ ಅವನ ಕೈಗೆ ಕೊಟ್ಟರು.

"ನಾಳೆ ಬೆಳಗ್ಗೆ ನಾನು ನಿನ್ನ ಖಾಲಿ ಕೋಣೆಯ ಮುಂದೆ ನಿಂತು 'ಚನ್ನವೀರಾ, ಏಳಪ್ಪಾ' ಎಂದು ಕೂಗಿಬಿಟ್ಟರೆ, ಅದು ಯಾರ ತಪ್ಪು?"