ಜೇಬಿನೊಳಗಿನ ರಿಂಗು

ಹೊಳೆದಂಡೆಯ ಆಶ್ರಮದಲ್ಲಿ ಪಂಪಯ್ಯನೆಂಬ ಗುರುವಿದ್ದ. ಕೊರಳಲ್ಲಿ ಜಪಮಣಿಯಲ್ಲ, ಕ್ಯಾಮೆರಾ. ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದ, ಅದೂ ಕೇಳಿ ಬಂದವರಿಗೆ ಮಾತ್ರ.

ಒಂಬತ್ತು ವರ್ಷದಿಂದ ಅವನ ಬಳಿಯಿದ್ದ ಶಿಷ್ಯ ಕೊಟ್ರೇಶ. ಆಶ್ರಮದ ಕ್ಯಾಮೆರಾ ಒರೆಸುವವನೂ ಅವನೇ, ಸಾಮಾನಿನ ಪೆಟ್ಟಿಗೆ ಕಾಯುವವನೂ ಅವನೇ. ಇನ್ನೊಬ್ಬ ಶಿಷ್ಯೆ ಹುಲಿಗೆಮ್ಮ ಬಂದು ವರ್ಷವೂ ತುಂಬಿರಲಿಲ್ಲ.

ಒಂದು ದಿನ ಕೊಟ್ರೇಶ ಕೇಳಿದ, "ಗುರುಗಳೇ, ನನಗೆ ಇನ್ನೊಂದು ಲೆನ್ಸ್ ಬೇಕು. ಯಾವುದು ಆರಿಸಲಿ?"

"ಇರುವ ಲೆನ್ಸಿನಲ್ಲಿ ನಿನಗೆ ಏನು ಕಾಣುತ್ತಿಲ್ಲ?"

ಕೊಟ್ರೇಶ ತಲೆ ಕೆರೆದುಕೊಂಡ. "ಎಲ್ಲರ ಹತ್ತಿರವೂ ಎರಡು ಮೂರು ಇವೆಯಲ್ಲ..."

"ನಾನು ಕೇಳಿದ್ದು ಅದಲ್ಲ," ಎಂದು ಗುರು ಹುಲಿಗೆಮ್ಮನತ್ತ ತಿರುಗಿದ. "ನಿನಗೇನವ್ವಾ ಕಾಣುತ್ತಿಲ್ಲ?"

"ಹರಿಗೋಲು ಹೆಣೆಯೋ ತಾತನ ಬೆರಳು, ಗುರುಗಳೇ. ಗುಡಿಸಲೊಳಗೆ ಬೆಳಕು ಸಾಲದು. ಬರೀ ಕಪ್ಪು ಬರ್ತದೆ."

ಗುರು ಒಳಗೆ ಹೋಗಿ ತನ್ನ ಹಳೆಯ ರೀಲ್ ಕ್ಯಾಮೆರಾದ ಲೆನ್ಸ್ ತಂದು ಅವಳ ಕೈಗಿಟ್ಟ.

"ಇದರ ಕಣ್ಣು ದೊಡ್ಡದು, ಕತ್ತಲಲ್ಲೂ ಬೆಳಕು ಹುಡುಕುತ್ತದೆ. ಇದಕ್ಕೂ ನಿನ್ನ ಡಿಜಿಟಲ್ ಕ್ಯಾಮೆರಾಗೂ ಬಾಯಿ ಕೂಡುವುದಿಲ್ಲ. ನಡುವೆ ಅಡಾಪ್ಟರ್ ರಿಂಗ್ ಬೇಕು. ಕೊಟ್ರೇಶ ಕೊಡ್ತಾನೆ."

ಅಯ್ಯೋ, ಕೊಟ್ರೇಶನ ಹೊಟ್ಟೆ ಹೇಗೆ ಉರಿಯಿತು! ಒಂಬತ್ತು ವರ್ಷ ಆ ಲೆನ್ಸಿನ ಧೂಳು ಊದಿದವನು ತಾನು. ಈಗ ಅದು ನಿನ್ನೆ ಮೊನ್ನೆ ಬಂದವಳ ಕೈಯಲ್ಲಿ!

ಪೆಟ್ಟಿಗೆ ತೆಗೆದ. ಬಳೆಯಷ್ಟು ಅಗಲದ ರಿಂಗ್ ಮೇಲೆಯೇ ಇತ್ತು. ಮೆಲ್ಲಗೆ ಜೇಬಿಗಿಳಿಸಿದ.

"ರಿಂಗ್ ಕಾಣ್ತಿಲ್ಲ ತಂಗೀ. ಎಲ್ಲೋ ಕಳೆದುಹೋಗಿದೆ."

"ಇರಲಿ ಬಿಡಣ್ಣಾ," ಎಂದಳು ಹುಲಿಗೆಮ್ಮ.



ಹಾಗಂತ ಅವಳು ಸುಮ್ಮನಾದಳೇ? ಎಲ್ಲಿ ಬಂತು! ಎಡಗೈಯಲ್ಲಿ ಲೆನ್ಸನ್ನು ಕ್ಯಾಮೆರಾದ ಬಾಯಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಚಿತ್ರ ತೆಗೆದಳು. ಬೆರಳ ಸಂದಿಯಿಂದ ಬೆಳಕು ನುಗ್ಗಿ ಅರ್ಧ ಚಿತ್ರ ಬೆಳ್ಳಗಾಗುತ್ತಿತ್ತು. ಕೈ ಸೋಲುತ್ತಿತ್ತು. ಹದಿನೈದು ದಿನ ಹೀಗೇ ಹೋಯಿತು.

ಆ ಹದಿನೈದು ದಿನ ಕೊಟ್ರೇಶ ಒಂದೂ ಚಿತ್ರ ತೆಗೆಯಲಿಲ್ಲ. ಅವಳು ಎಲ್ಲಿ ಹೋದಳು, ಏನು ತೆಗೆದಳು, ಗುರು ಏನೆಂದ, ಇದನ್ನು ನೋಡುವುದರಲ್ಲೇ ಹೊತ್ತು ಹೋಯಿತು. ಕೂತರೆ ಸಾಕು, ಜೇಬಿನ ರಿಂಗ್ ತೊಡೆಗೆ ಒತ್ತುತ್ತಿತ್ತು.

ಒಂದು ಬೆಳಗ್ಗೆ ಹುಲಿಗೆಮ್ಮ ಚಿತ್ರವೊಂದನ್ನು ತಂದು ಗುರುವಿಗೂ ಕೊಟ್ರೇಶನಿಗೂ ತೋರಿಸಿದಳು. ಮುದುಕನ ಬೆರಳು, ಬಿದಿರಿನ ಸೀಳು, ಮೂಲೆಯಲ್ಲಿ ಸೋರಿದ ಬೆಳಕು.

ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು! ಕೊಟ್ರೇಶನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕಲ್ಲ.

"ಮೂಲೆ ಹಾಳಾಗಿದೆ," ಎಂದ.

"ಹೌದಣ್ಣಾ. ಆ ರಿಂಗ್ ಇದ್ದಿದ್ದರೆ..." ಎಂದು ಅವಳು ಮಣಿಕಟ್ಟು ನೀವಿಕೊಂಡಳು.

ಗುರು ಎದ್ದು ಒಳಗೆ ಹೋದ. ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ಲೆನ್ಸೊಂದನ್ನು ತಂದು ಕೊಟ್ರೇಶನ ಮುಂದಿಟ್ಟ. ಆಚೆ ದಡದ ಹಕ್ಕಿಯನ್ನು ಈಚೆ ದಡಕ್ಕೆ ತರುವಂಥದ್ದು.

"ನೀನು ಬಂದ ವರ್ಷವೇ ಇದನ್ನು ನಿನಗೆಂದು ತೆಗೆದಿಟ್ಟೆ. ಏನು ಕಾಣುತ್ತಿಲ್ಲ ಅಂತ ನೀನೇ ಹೇಳಿದಾಗ ಕೊಡೋಣ ಅಂತ ಕಾದೆ. ಇರಲಿ, ಹಾಕಿ ನೋಡು."

ಕೊಟ್ರೇಶ ಲೆನ್ಸಿನ ಹಿಂಬದಿ ನೋಡಿದ. ಅದೇ ಹಳೆಯ ಬಾಯಿ. ತನ್ನ ಕ್ಯಾಮೆರಾಗೂ ಅದೇ ರಿಂಗ್ ಬೇಕು.

ರಿಂಗ್ ಹೊರಗೆ ತೆಗೆದರೆ ಮಾನ ಹೋಯಿತು, ತೆಗೆಯದಿದ್ದರೆ ಲೆನ್ಸ್ ಹೋಯಿತು.

"ಯಾಕೆ, ಕೂರುತ್ತಿಲ್ಲವೇ?" ಎಂದ ಗುರು.

"ಪಾಪ, ರಿಂಗ್ ಕಳೆದಿದೆಯಲ್ಲ ಗುರುಗಳೇ," ಎಂದಳು ಹುಲಿಗೆಮ್ಮ. "ಇದು ಭಾರ, ಒಬ್ಬರಿಗೆ ಆಗೋದಿಲ್ಲ. ಅಣ್ಣಾ, ಲೆನ್ಸ್ ನಾನು ಹಿಡ್ಕೋತೀನಿ, ನೀವು ತೆಗೀರಿ." ಎರಡೂ ಕೈ ಚಾಚಿದಳು.

ಕೊಟ್ರೇಶನಿಂದ ಇನ್ನು ತಡೆಯಲಾಗಲಿಲ್ಲ. ಜೇಬಿಗೆ ಕೈ ಹಾಕಿ ರಿಂಗ್ ತೆಗೆದು ಆ ಕೈಗಳಲ್ಲಿಟ್ಟ.

"ಕಳೆದಿರಲಿಲ್ಲ ತಂಗೀ. ನಾನೇ ಬಚ್ಚಿಟ್ಟಿದ್ದೆ. ಹೊಟ್ಟೆಕಿಚ್ಚು ನನಗೆ."

ಹುಲಿಗೆಮ್ಮ ರಿಂಗನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.

"ಗುರುಗಳೇ, ನಾಳೆಯೇ ಪೇಟೆಗೆ ಹೋಗ್ತೀನಿ," ಎಂದ ಕೊಟ್ರೇಶ, ತಲೆ ಎತ್ತದೆ. "ಇನ್ನೊಂದು ರಿಂಗ್ ತರ್ತೀನಿ."

"ಬೇಡ," ಎಂದ ಗುರು. "ಒಂದೇ ಇರಲಿ. ಬೆಳಗ್ಗೆ ಅವಳು ಹಾಕಿಕೊಳ್ಳಲಿ. ಸಂಜೆ ನೀನು ಹೋಗಿ ಅವಳನ್ನು ಕೇಳಿ ಇಸಿದುಕೋ."