ಮೇದರ ಕೆಂಚಿಯ ಮೂರನೇ ಉತ್ತರ

ಊರೆಲ್ಲ ಡಂಗುರ ಬಿತ್ತು: "ಕೇಳ್ರಪ್ಪೋ ಕೇಳ್ರಿ! ಅರಮನೆಯ ಕಣಜ ದೋಚಿದ ಏಳು ಪುಂಡ ಹುಡುಗರಿಗೆ ಶುಕ್ರವಾರ ನೇಣು. ದೊರೆ ಬೊಮ್ಮರಸರ ಮೂರು ಒಗಟು ಬಿಡಿಸಿದವರ ಮಾತೇ ಆ ಹುಡುಗರ ತೀರ್ಪು, ಜೊತೆಗೆ ಬೊಗಸೆ ತುಂಬ ಹೊನ್ನು. ತಪ್ಪಿದವರ ತಲೆ ಹೋಗುತ್ತದೆ!"

ಏಳರಲ್ಲಿ ಒಬ್ಬ ಹಾಲ, ಮೇದರ ಕೆಂಚಿಯ ತಮ್ಮ. ಬುಟ್ಟಿ ಹೆಣೆದು ಬದುಕುವ ಕೆಂಚಿ ಹರಕು ಸೀರೆಯಲ್ಲೇ ಅರಮನೆಗೆ ನಡೆದಳು. ಹೊನ್ನಿನ ಆಸೆಗೆ ಬಂದಿದ್ದ ದೊಡ್ಡವರು ಮೂಗು ಮುರಿದರು. ಮುರಿಯಲಿ, ಅವರ ಮೂಗು ಅವರದು.

"ಕಣ್ಣಿಗೆ ಕಾಣದ ಹಗ್ಗ. ಪರರ ಗಂಟಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆಯುತ್ತದೆ. ಯಾವುದು?" ಎಂದ ದೊರೆ.

"ದೊರೆಗಳ ದಂಡನೆಯ ಭಯ" ಎಂದ ಆಸ್ಥಾನದ ಪಂಡಿತ.

"ನೇಣುಗಂಬ ಊರಬಾಗಿಲಲ್ಲೇ ಇತ್ತು. ಆದರೂ ಕದ್ದರಲ್ಲ!" ಎಂದ ದೊರೆ. ಭಟರು ಪಂಡಿತನನ್ನು ಸೆರೆಗೆ ಎಳೆದರು.

ಕೆಂಚಿ ಮುಂದೆ ಬಂದಳು. "ಮನೇಲಿ ನನ್ನ ದಾರಿ ಕಾಯೋರು ಒಬ್ರು ಅವ್ರೆ ಅನ್ನೋ ನೆನಪು, ಬುದ್ಧಿ."

ಉತ್ತರ ಬರೆದಿಟ್ಟ ಓಲೆ ನೋಡಿ ಮಂತ್ರಿ ತಲೆದೂಗಿದ. ದೊರೆ ಎರಡನೆಯದನ್ನು ಕೇಳಿದ:

"ಸೂರಿದೆ, ಒಲೆಯಿದೆ, ಅನ್ನವೂ ಬೇಯುತ್ತದೆ. ಆದರೂ ಅದರೊಳಗೆ ಬೆಳೆದ ಮಗು ಬೀದಿಪಾಲು. ಯಾವುದು?"

"ಛತ್ರ!" ಎಂದ ದಂಡನಾಯಕನ ಮಗ. ಅವನೂ ಸೆರೆಗೆ ಹೋದ.

ಕೆಂಚಿ ಹೇಳಿದಳು: "ಎಲ್ಲಿಗೆ ಹೋಗಿದ್ದೆ, ಉಂಡೆಯಾ ಅಂತ ಯಾರೂ ಕೇಳದ ಮನೆ. ನಮ್ಮದೇ, ಬುದ್ಧಿ. ಅವ್ವ ಸತ್ತಳು. ಅಪ್ಪ ಹೊಡೆಯೋಕೆ ಮಾತ್ರ ಮನೆಗೆ ಬರ್ತಿದ್ದ. ನಾನು ಬುಟ್ಟಿ ಹೊತ್ತು ಸಂತೆ ಸಂತೆ ಸುತ್ತಿದೆ, ಹಾಲನನ್ನ ನಾನೂ ಹಾಗೆ ಕೇಳಲಿಲ್ಲ."

ಅದೂ ಸರಿಯಾಗಿತ್ತು. ದೊರೆ ಮೀಸೆ ತಿರುವಿದ. "ಗಿಡವಾಗಿ ಬಗ್ಗದೆ ಮರವಾಗಿ ಬಗ್ಗುವುದು ಯಾವುದು?"

ಮಂತ್ರಿ ಕನಿಕರದಿಂದ ಪಿಸುಗುಟ್ಟಿದ: "ಯಾವುದೂ ಇಲ್ಲ ಅಂದುಬಿಡವ್ವ. ಓಲೆಯಲ್ಲಿ ಅದೇ ಇದೆ."

ಕೆಂಚಿಗೆ ಮೈಯೆಲ್ಲ ಉರಿಯಿತು. ಗೆದ್ದವರ ಮಾತೇ ತೀರ್ಪು. ಇಲ್ಲವೆಂದರೆ ತನ್ನ ತಲೆ ಉಳಿಯುತ್ತದೆ. ಬೆಳೆದ ಹುಡುಗರು ಇನ್ನು ತಿದ್ದಿಕೊಳ್ಳಲಾರರು ಎಂದು ತಾನೇ ಹೇಳಿದಂತಾಗಿ ತಮ್ಮ ನೇಣಿಗೇರುತ್ತಾನೆ. ದೊರೆ ಒಡ್ಡಿದ್ದು ಒಗಟಲ್ಲ, ಉರುಲು.

"ಐತೆ!" ಎಂದು ಕೂಗಿದಳು. "ಬಿದಿರು! ಎಳೇ ಕಳಲೆ ಬಗ್ಗಿಸಿ ನೋಡಿ, ಪಟ್ ಅಂತ ಮುರೀತದೆ. ಬಲಿತ ಮೇಲೆ ಬಗ್ತದೆ."

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು!" ದೊರೆ ಗುಡುಗಿದ.

"ಆ ಗಾದೆ ಕಟ್ಟಿದೋನು ಮೇದರ ಕೇರಿಗೆ ಬಂದಿರ್ಲಿಲ್ಲ, ಬುದ್ಧಿ."

ಭಟನ ಕೈಯ ಬಿದಿರುಕೋಲು ಕಿತ್ತುಕೊಂಡು ಒದ್ದೆಬಟ್ಟೆ ಸುತ್ತಿದಳು, ಕೆಂಡ ತರಿಸಿ ಅದರ ಮೇಲೆ ಹಿಡಿದು ಕೂತಳು. ಸಭೆ ಆಕಳಿಸಿತು.

"ಇನ್ನೆಷ್ಟು ಹೊತ್ತು?" ಎಂದ ದೊರೆ.

"ಅವಸರ ಮಾಡಿದ್ರೆ ಸೀಳ್ತದೆ. ಸುಮ್ಕೆ ಕೂತ್ಕೊಳ್ಳಿ."

ದೊರೆ ಸುಮ್ಮನೆ ಕೂತ! ಕೊನೆಗೆ ಅವಳು ಕೋಲನ್ನು ಮಂಡಿಗೊತ್ತಿ ಬಾಗಿಸಿದಳು. ಬಿಲ್ಲಿನಂತೆ ಬಗ್ಗಿತು, ಒಂದು ಸೀಳೂ ಇಲ್ಲ. ಮಂತ್ರಿ ಓಲೆಯನ್ನು ಹರಿದು ಕೆಂಡಕ್ಕೆ ಹಾಕಿದ.

ದೊರೆ ಉತ್ತರ ಒಪ್ಪಿದ, ಕೆಂಚಿಯ ಮಾತಿನಂತೆ ಏಳು ಹುಡುಗರ ಸಂಕೋಲೆ ಬಿಚ್ಚಿತು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿ ಎಂದಳು, ಬಿಟ್ಟರು. ಹೊನ್ನನ್ನು ಸೆರಗಿಗೆ ಕಟ್ಟಿ, ಏಳೂ ಜನರನ್ನು ಮುಂದೆ ಬಿಟ್ಟುಕೊಂಡು ಮನೆಗೆ ಹೊರಟಳು.

"ಇವರು ಮತ್ತೆ ಕದ್ದರೆ?" ದೊರೆ ಹಿಂದಿನಿಂದ ಕೇಳಿದ.

"ನನ್ನ ಹಿಡ್ಕೊಂಡು ಬನ್ನಿ. ಆ ಹೊತ್ತಲ್ಲಿ ನೀನೆಲ್ಲಿದ್ದೆ ಅಂತ ಮೊದಲು ನನ್ನ ಕೇಳಿ!"

ಆಮೇಲೆ ದೊರೆ ಅವಳನ್ನು ಕರೆಸಿ ಕೇಳಿದ್ದು ಒಂದೇ ಸಲವಂತೆ, ಅದೂ ಹುಡುಗರು ಕದ್ದ ಅರಮನೆ ತೋಟದ ನಾಲ್ಕು ಮಾವಿನಕಾಯಿಗೆ.